ಬೆಟ್ಟದ ದಾರಿಗೆ ಬಣ್ಣ ಹಚ್ಚುವ ನನ್ನ ಮೈದುನ

ನನ್ನ ಮೈದುನನನ್ನು ಊರೆಲ್ಲ ಬೋರ್ಡಣ್ಣ ಅಂತಲೇ ಕರೆಯುವುದು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಮನೆಯ ಮುಂದಿನ ಕೋಣೆ ಪೂರಾ ಅವನದು. ಗೋಡೆಗೆ ಒರಗಿಸಿದ ತಗಡುಗಳು, ಎಣ್ಣೆಯಲ್ಲಿ ನೆನೆಹಾಕಿದ ಬ್ರಷ್ಷುಗಳು, ಮುಚ್ಚಳ ಅಂಟಿಹೋದ ಡಬ್ಬಿಗಳು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಹದಿನಾಲ್ಕು. ಈಗ ಅರವತ್ತೊಂದು. ಮದುವೆಯಾಗಲಿಲ್ಲ. ಕೇಳಿದವರಿಗೆಲ್ಲ, "ಈ ಬಣ್ಣದ ವಾಸನೆ ಸಹಿಸ್ಕೊಂಡು ಯಾರು ಇರ್ತಾರೆ?" ಅನ್ನುತ್ತಾನೆ. ಅದು ನೆಪ. ಒಂದು ಸಲ ಮಾತು ಹತ್ತಿರಕ್ಕೆ ಬಂದಿತ್ತು. ಆ ಮನೆಗೆ ಹೋದವನು ಹುಡುಗಿಯ ಜೊತೆ ಎರಡು ಮಾತೂ ಆಡದೆ, ಬಾಗಿಲ ಮೇಲಿನ ಮನೆ ನಂಬರು ಸೊಟ್ಟಗಿದೆ ಅಂತ ಅವಳ ಅಪ್ಪನಿಗೆ ಹೇಳಿ ಬಂದ.

ಊರ ಹೊರಗೆ, ಬಸ್ಸಿನ ಕೊನೆಯ ನಿಲ್ದಾಣದ ಹಿಂದೆ, ಕಾಡು ತುಂಬಿದ ಒಂದು ಬೆಟ್ಟವಿದೆ. ತುದಿಯಲ್ಲಿ ಚಪ್ಪಟೆ ಬಂಡೆ, ಕಬ್ಬಿಣದ ಕಟಕಟೆ. ಅಲ್ಲಿ ನಿಂತರೆ ಊರು, ನದಿ, ಆಚೆಯ ಹೊಲಗಳು ಎಲ್ಲ ಕಾಣುತ್ತವೆ ಅಂತ ರಜೆಯ ದಿನ ಜನ ಹತ್ತುತ್ತಾರೆ. ಹದಿನಾರು ವರ್ಷದ ಹಿಂದೆ ಪುರಸಭೆಯವರು ದಾರಿಯ ಮರಗಳಿಗೆ ಗುರುತು ಹಾಕು ಅಂದರು, ಹಾಕಿದ. ಮರುವರ್ಷ ಅವರು ಮರೆತರು, ಇವನು ಮರೆಯಲಿಲ್ಲ. ಪ್ರತಿ ವರ್ಷ ಮಳೆ ನಿಂತ ಮೇಲೆ ಒಂದು ದಿನ ಹಳದಿ ಬಣ್ಣದ ಡಬ್ಬಿ ಹಿಡಿದು ಒಬ್ಬನೇ ಹೋಗಿ, ಹಳೆಯ ಗುರುತುಗಳ ಮೇಲೆ ಹೊಸದಾಗಿ ಹಚ್ಚಿ ಬರುತ್ತಿದ್ದ.

ಈ ವರ್ಷ ಅವನ ಬಲಭುಜ ಹಿಡಿದುಕೊಂಡಿತ್ತು. "ಅತ್ತಿಗೆ, ನೀವು ಊಟದ ಚೀಲ ಹಿಡ್ಕೊಂಡು ಬನ್ನಿ. ಹಾಗೇ ಗುರುತು ಎಷ್ಟಿವೆ ಎಣಿಸಿ. ನಾನು ಒಂದು ಸಲವೂ ಎಣಿಸಿಲ್ಲ" ಅಂದ.

"ಮೇಲೆ ಏನಿದೆ ಅಂತ ಈ ವಯಸ್ಸಲ್ಲಿ ಹತ್ತಬೇಕು?"

"ಏನಿದೆ ಅಂತ ನೋಡೋಕೇ ಹತ್ತಬೇಕು."

ಹೊರಟೆ. ನಲವತ್ತೇಳು ವರ್ಷ ಆ ಬೆಟ್ಟವನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೆನೇ ಹೊರತು ಒಂದು ದಿನ ಹತ್ತಿದವಳಲ್ಲ.

ಬೆಳಗ್ಗೆ ಏಳಕ್ಕೆ ಹತ್ತಲು ಶುರು ಮಾಡಿದೆವು. ಒಂದೊಂದು ಮರದ ಮುಂದೆಯೂ ಅವನ ಕ್ರಮ ಒಂದೇ. ಮೊದಲು ತಂತಿ ಬ್ರಷ್ಷಿನಿಂದ ಪಾಚಿ ಉಜ್ಜುವುದು, ಬಟ್ಟೆಯಲ್ಲಿ ಒರೆಸುವುದು, ಆಮೇಲೆ ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲದ ಹಳದಿ ಪಟ್ಟಿ. ಅಂಚು ದಾರ ಹಿಡಿದಷ್ಟು ನೇರ.

"ಕಾಡಲ್ಲಿ ಅಂಚು ಯಾರು ನೋಡ್ತಾರೋ?"

"ನಾನು ನೋಡ್ತೀನಲ್ಲ. ಎಷ್ಟಾಯ್ತು?"

"ಮೂವತ್ತೆಂಟು. ಮಾತಾಡಿಸಬೇಡ, ತಪ್ಪಿಹೋಗತ್ತೆ."

ತುದಿ ಮುಟ್ಟಿದಾಗ ಅರವತ್ತೆರಡು. ಹೊತ್ತು ನೆತ್ತಿಗೆ ಬಂದಿತ್ತು. ಬಂಡೆಯ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು. ನನ್ನ ಎದೆಯಲ್ಲಿ ಏನೋ ಒಂಥರಾ ಅಗಲವಾದ ಹಾಗಿತ್ತು. ಇಷ್ಟು ದೊಡ್ಡ ಜಾಗದ ಮೂಲೆಯಲ್ಲಿ ನಾನು ಇಷ್ಟು ವರ್ಷ ಪಾತ್ರೆ ತೊಳೆದೆನಲ್ಲ ಅನ್ನಿಸಿತು. ಅವನು ಕೈ ಚಾಚಿ ತೋರಿಸಿದ. "ಅಗೋ, ನೀರಿನ ಟ್ಯಾಂಕಿನ ಎಡಕ್ಕೆ ನಮ್ಮನೆ. ನೀವು ಒಗೆದು ಹಾಕಿದ ಹೊದಿಕೆ ಬೆಳ್ಳಗೆ ಕಾಣ್ತಿದೆ ನೋಡಿ." ನನಗೆ ಬೆಳ್ಳಗೆ ಏನೋ ಕಂಡಿತು. ಹೊದಿಕೆಯೋ ಆಡೋ ಗೊತ್ತಾಗಲಿಲ್ಲ. ಹೂಂ ಅಂದೆ.

ಕೊನೆಯದಾಗಿ ಕಟಕಟೆಯ ಕಂಬಕ್ಕೆ ಒಂದು ಬಾಣ ಬರೆದ. ಬೋರ್ಡು ಬರೆಯುವವರಿಗೆ ಒಂದು ರೂಢಿ. ಬರೆದಾದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಬೇಕು. ಅವನೂ ಸರಿದ. ಒಂದು ಹೆಜ್ಜೆಗೆ ಬಂಡೆ ಇತ್ತು, ಎರಡನೆಯದಕ್ಕೆ ಇರಲಿಲ್ಲ.

ಸೊಂಟದೆತ್ತರದಿಂದ ಬಿದ್ದದ್ದು, ಅಷ್ಟೇ. ಆದರೆ ಎಡಗಾಲು ಕಲ್ಲಿನ ಸಂದಿಗೆ ಸಿಕ್ಕಿ ತಿರುಚಿತು. ನೋಡುತ್ತಿದ್ದ ಹಾಗೇ ಊದಿ, ಪಾದ ಆಚೆ ಕಡೆ ಹೊರಳಿ ನಿಂತಿತು. ಅವನ ಮುಖ ಸುಣ್ಣದ ಹಾಗಾಯಿತು. ಬಣ್ಣ ತಾಗುತ್ತದೆ ಅಂತ ಫೋನು ಮನೆಯಲ್ಲೇ ಬಿಟ್ಟು ಬರುವವನು ಅವನು, ನನ್ನ ಹತ್ತಿರ ಫೋನೇ ಇಲ್ಲ. ಅಂದು ರಜೆಯ ದಿನವೂ ಅಲ್ಲ, ಬೆಟ್ಟದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಂಜೆಯಾದರೆ ಮೇಲೆ ಕೊರೆಯುವ ಚಳಿ. ಕತ್ತಲಾಗುವುದರೊಳಗೆ ಯಾರನ್ನಾದರೂ ಕರೆತರಬೇಕು. ಕರೆತರಲು ಇದ್ದವಳು ನಾನೊಬ್ಬಳೇ.

"ಹೆದರಬೇಡಿ ಅತ್ತಿಗೆ. ಅರವತ್ತೆರಡು ಗುರುತು ಇದೆ. ಹಳದಿ ನೋಡ್ಕೊಂಡು ಇಳೀರಿ, ಅಷ್ಟೇ" ಅಂದ. ನೀರಿನ ಬಾಟಲಿ ಕೈಗಿಟ್ಟೆ, ನನ್ನ ಶಾಲು ಹೊದಿಸಿದೆ, ಹೊರಟೆ.

ಇಪ್ಪತ್ತು ಹೆಜ್ಜೆ ಇಳಿದು ನೋಡುತ್ತೇನೆ, ಒಂದು ಗುರುತೂ ಇಲ್ಲ. ಕಣ್ಣು ಉಜ್ಜಿಕೊಂಡು ನೋಡಿದೆ. ಎಲ್ಲ ಬರೀ ಮರ, ಒಂದೇ ಥರ. ಅವನನ್ನು ಕೂಗೋಣ ಅಂತ ಹಿಂದೆ ತಿರುಗಿದೆ. ಆಗ ಕಂಡಿತು, ನಾನು ದಾಟಿ ಬಂದ ಮರದ ಮೇಲೆ ಹಸಿಹಸಿಯಾಗಿ ಹೊಳೆಯುವ ಹಳದಿ.

ಅಲ್ಲೇ ನಿಂತು ಅರ್ಥ ಮಾಡಿಕೊಂಡೆ. ಪುಣ್ಯಾತ್ಮ ಹತ್ತುವವರ ಕಡೆಗೆ ಮಾತ್ರ ಹಚ್ಚಿದ್ದಾನೆ, ಹದಿನಾರು ವರ್ಷದಿಂದಲೂ! ಜೀವಮಾನವಿಡೀ ಬರೆದದ್ದು ಬೋರ್ಡು. ಬೋರ್ಡಿಗೆ ಒಂದೇ ಮುಖ, ಹಿಂದೆ ಗೋಡೆ. ಮರಕ್ಕೆ ಗೋಡೆ ಇರುವುದಿಲ್ಲ ಅನ್ನುವುದು ಅವನಿಗೆ ಹೊಳೆದೇ ಇಲ್ಲ. ತಾನು ಇಳಿಯುವಾಗ ಗುರುತು ಬೇಕೆನಿಸಿಲ್ಲ, ದಾರಿ ಅವನಿಗೆ ಮನೆಯ ಪಡಸಾಲೆ ಇದ್ದ ಹಾಗೆ.

ಬೈಯಲು ಹೊತ್ತಿರಲಿಲ್ಲ. ಮರ ದಾಟುವುದು, ಹಿಂದೆ ತಿರುಗುವುದು, ಹಳದಿ ಇದ್ದರೆ ಲೆಕ್ಕದಲ್ಲಿ ಒಂದು ಕಳೆಯುವುದು, ಮುಂದೆ ಹೋಗುವುದು. ಇಲ್ಲದಿದ್ದರೆ ಪಕ್ಕದ ಮರ ದಾಟಿ ನೋಡುವುದು. ಅರವತ್ತೊಂದು, ಅರವತ್ತು, ಐವತ್ತೊಂಬತ್ತು. ಯಾರಾದರೂ ನೋಡಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಮೂವತ್ತೆಂಟರ ಹತ್ತಿರ ದಾರಿ ಎರಡಾಗಿತ್ತು. ಅಗಲವಾದದ್ದನ್ನು ಹಿಡಿದೆ. ತಿರುಗಿ ನೋಡಿದೆ, ಇಲ್ಲ. ಇನ್ನೊಂದು ಮರ, ಇಲ್ಲ. ಹತ್ತು ಮರವಾಯಿತು. ಅಲ್ಲಿ ದನದ ಸಗಣಿ ಕಂಡಿತು. ಅದು ದನಗಳು ಮಾಡಿಕೊಂಡ ದಾರಿ. ಇನ್ನಷ್ಟು ಇಳಿದರೆ ಎಲ್ಲಾದರೂ ಸಿಕ್ಕೀತು ಅಂತ ಕಾಲು ಎಳೆಯುತ್ತಿತ್ತು, ಹತ್ತುವ ಸಂಕಟ ಬೇಡ ಅಂತ. ಆದರೆ ನಾನು ತಪ್ಪಿಸಿಕೊಂಡರೆ ಅವನು ಅಲ್ಲಿರುವುದು ಯಾರಿಗೂ ಗೊತ್ತಾಗುವುದಿಲ್ಲ. ಮೊಣಕಾಲು ಹಿಡಿದುಕೊಂಡು ವಾಪಸು ಹತ್ತಿ, ಮೂವತ್ತೆಂಟನ್ನು ಕೈಯಿಂದ ಮುಟ್ಟಿ, ಸಣ್ಣ ದಾರಿ ಹಿಡಿದೆ. ಮೂವತ್ತೇಳು ಅಲ್ಲಿತ್ತು. ಬೆರಳಿಗೆ ಬಣ್ಣ ಅಂಟಿತು. ಆಮೇಲೆ ಎಲ್ಲೂ ಅವಸರ ಮಾಡಲಿಲ್ಲ.

ಬಸ್ ನಿಲ್ದಾಣದ ಚಹಾದಂಗಡಿ ತಲುಪಿದಾಗ ನಾಲ್ಕು ಗಂಟೆ. ಅಂಗಡಿಯವಳು ಹೌಹಾರಿ ಗಂಡನನ್ನೂ ಪಕ್ಕದ ಮರದ ಮಿಲ್ಲಿನ ಮೂವರನ್ನೂ ಕೂಗಿದಳು. ಅವರು ಒಂದು ಕುರ್ಚಿ, ಎರಡು ಗಳ, ಹಗ್ಗ ಹೊತ್ತುಕೊಂಡು ಒಂದೇ ಉಸಿರಿಗೆ ಹೋದರು. ನನಗೆ ಚಹಾ ಕೊಟ್ಟು, ಗುರುತಿನ ಕಥೆ ಕೇಳಿ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಮ್ಮಾ! ಮೇಲೆ ಹೋದೋರು ಒಬ್ಬೊಬ್ಬರು ಕಲ್ಲುಗಣಿ ಕಡೆ, ಒಬ್ಬೊಬ್ಬರು ಮಿಲ್ಲಿನ ಹಿತ್ತಲಲ್ಲಿ ಇಳೀತಿದ್ರು. ಪೇಟೆಯವರಿಗೆ ಸುತ್ತಾಡೋ ಹುಚ್ಚು ಅಂತ ನಾವು ನಗ್ತಿದ್ವಿ."

ಇನ್ನೂ ಬೆಳಕಿರುವಾಗಲೇ ಅವನನ್ನು ಇಳಿಸಿ ತಂದರು. ಕಾಲಿಗೆ ಹಲಗೆ ಕಟ್ಟಿದ್ದರು. ಮಿಲ್ಲಿನವನೊಬ್ಬ ಬೆವರು ಒರೆಸುತ್ತ ಹೇಳಿದ. "ಏನಮ್ಮಾ ನಿಮ್ಮ ಮೈದುನ! ಕಾಲು ಮುರಿದಿದೆ ಅಂತ ಅಳ್ತಾನೇನೋ ಅಂದ್ಕೊಂಡ್ರೆ, ಮರ ಮರಕ್ಕೂ 'ನಿಲ್ಸಿ ನಿಲ್ಸಿ' ಅಂತ ಕುತ್ತಿಗೆ ತಿರುಗಿಸಿ ನೋಡ್ತಾನೆ."

ಅವನು ನನ್ನ ಮುಖ ನೋಡಲಿಲ್ಲ. "ಹದಿನಾರು ವರ್ಷದಲ್ಲಿ ಒಬ್ಬರೂ ದೂರು ಹೇಳಲಿಲ್ಲ ಅತ್ತಿಗೆ" ಅಂದ.

"ದಾರಿ ತಪ್ಪಿದವರು ನಿನ್ನ ಮನೆ ದಾರಿ ಹುಡುಕ್ಕೊಂಡು ಬಂದು ದೂರು ಹೇಳ್ತಾರೇನೋ?" ಅಂದೆ. ಅಂದ ಮೇಲೆ ನನಗೆ ಅಳು ಬಂತು. ಅವನ ತಣ್ಣಗಿನ ಕೈ ಹಿಡಿದುಕೊಂಡೇ ಆಸ್ಪತ್ರೆಗೆ ಹೋದೆ.

ಎರಡು ತಿಂಗಳು ಪ್ಲಾಸ್ಟರು. ಮೂರನೆಯ ತಿಂಗಳು ಕೋಲು. ನಾಲ್ಕನೆಯ ತಿಂಗಳು, ಡಾಕ್ಟರು ನಡೆಯಬಹುದು ಅಂದ ಮರುದಿನವೇ ಹಳದಿ ಡಬ್ಬಿ ತೆಗೆದ. "ಈ ಸಲ ಮೇಲಿಂದ ಶುರು" ಅಂದ. ನಿಧಾನಕ್ಕೆ ಹತ್ತಿದೆವು. ತುದಿಯಲ್ಲಿ ನನ್ನನ್ನು ಮುಂದೆ ಬಿಟ್ಟ.

"ನೀವು ಇಳೀತಾ ಹೋಗಿ. ಎಲ್ಲಿ ಅನುಮಾನ ಬರತ್ತೋ ಅಲ್ಲಿ ನಿಂತುಬಿಡಿ. ನನಗೆ ಈ ದಾರಿಯಲ್ಲಿ ಅನುಮಾನವೇ ಬರಲ್ಲ, ಅದೇ ತೊಂದರೆ."

ನಾನು ನಿಂತಲ್ಲೆಲ್ಲ ಬಂದು, ಮರ ಉಜ್ಜಿ, ನನ್ನ ಕಣ್ಣಿನ ಎತ್ತರಕ್ಕೆ ಹಚ್ಚಿದ.

"ಒಂಚೂರು ಮೇಲೆ ಹಚ್ಚಲಾ? ಚೆಂದ ಕಾಣತ್ತೆ."

"ಮೊದಲು ಕಾಣಲಿ. ಚೆಂದ ಆಮೇಲೆ."

ಮೂವತ್ತೆಂಟರ ಹತ್ತಿರ ಹೇಳದೆಯೇ ಎರಡು ಪಟ್ಟಿ ಹಚ್ಚಿದ. ಅದನ್ನು ದಾಟಿ ಸ್ವಲ್ಪ ದೂರ ಹೋಗಿ ನಾನು ಮತ್ತೆ ನಿಂತೆ. ಅವನು ಬಂದು ಮರವನ್ನು ಸುತ್ತಲೂ ನೋಡಿ, ಉಜ್ಜಿ, ಒರೆಸಿ, ಅಂಚು ನೇರ ಮಾಡಿ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿಯುವ ಮುಂಚೆ ಹಿಂದೆ ನೆಲ ಇದೆಯಾ ಅಂತ ನೋಡಿಕೊಂಡ. ಆಮೇಲೆ ಕೇಳಿದ. "ಇಲ್ಲಿ ದಾರಿ ಸೀದಾ ಇದೆಯಲ್ಲ ಅತ್ತಿಗೆ. ಏನು ಅನುಮಾನ ಬಂತು?"

"ಅನುಮಾನ ಏನಿಲ್ಲ. ಮೊಣಕಾಲು ನೋಯ್ತಿತ್ತು, ನಿಂತೆ."

ಅವನು ಬ್ರಷ್ಷನ್ನು ಬಟ್ಟೆಗೆ ಒರೆಸಿಕೊಂಡ. ಪಟ್ಟಿಯನ್ನು ಅಳಿಸಲಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ ಅಂದ.