ಸಬಕಾರ ಹಚ್ಚಿದ ಮರಿ

ಮೊನ್ನೆ ಭಾನುವಾರ ಮೊಮ್ಮಗಳು ಜಳಕ ಮುಗಿಸಿ, ಸಬಕಾರದ ಘಮ ಬಿಡುತ್ತಾ ಪುಸ್ತಕ ಹಿಡಿದು ಬಂದಳು. ‘ಆಯಿ, ಫಾಸ್ಟರ್ (foster) ಅಂದ್ರೇನು?’ ಶಹಾಪುರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳನ್ನು ಕೇಳುವ ಪ್ರಶ್ನೆಯೇ ಇದು? ‘ಸಾಕು, ಪೋಷಿಸು’ ಎಂದು ಥಟ್ಟನೆ ಹೇಳಿದೆ. ಆದರೂ ಹಳೆಯ ಚಟ, ದಪ್ಪ ನಿಘಂಟು ತೆರೆದೆ. ಆ ಕ್ರಿಯಾಪದದ ಬೇರು ಹಳೆಯ ಇಂಗ್ಲಿಷಿನ ಆಹಾರ ಎಂಬ ಮಾತಿನಲ್ಲಿದೆಯಂತೆ. ಮೊದಲ ಅರ್ಥ ಉಣಿಸುವುದು. ಪರರ ಕೂಸನ್ನು ತನ್ನದೆಂದು ಸಾಕುವುದು, ಆಸೆಯನ್ನೋ ಗೆಳೆತನವನ್ನೋ ಬೆಳೆಸುವುದು, ಎಲ್ಲ ಆಮೇಲೆ ಬಂದವು. ಇಷ್ಟು ವರ್ಷ ನಾನು ಬೇರು ಬಿಟ್ಟು ಬಾಲ ಹಿಡಿದು ಪಾಠ ಮಾಡಿದ್ದೆ ನೋಡಿ.

ಸಬಕಾರದ ವಾಸನೆ ನನ್ನನ್ನು ಕಕ್ಕೇರಾದ ಕುರಿಹಟ್ಟಿಗೆ ಎಳೆದೊಯ್ದಿತು. ಮೊಮ್ಮಗಳನ್ನು ಕೂರಿಸಿಕೊಂಡು ಹೇಳತೊಡಗಿದೆ. ಹೆತ್ತವಳು ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ಅವಳ ತಂಗಿ ಮಲ್ಲವ್ವ ಕುರಿಹಾಲು ಕುಡಿಸಿ ನನ್ನನ್ನು ಉಳಿಸಿದಳು. ಎಲ್ಲರೂ ಗೋಡೆಯ ಫೋಟೊ ತೋರಿಸಿ ‘ಅಕೀನ ನಿಮ್ಮವ್ವ’ ಅನ್ನುತ್ತಿದ್ದರು. ಹೀಗಾಗಿ ಮಲ್ಲವ್ವ ನನಗೆ ಚಿಗವ್ವನಾಗಿಯೇ ಉಳಿದಳು.

ನನಗೆ ಎಂಟು ವರ್ಷವಿದ್ದಾಗ ಒಂದು ಕುರಿಯ ಮರಿ ಸತ್ತಿತು. ಅದೇ ವಾರ ಇನ್ನೊಂದು ಮರಿ ತಬ್ಬಲಿಯಾಯಿತು. ಕುರಿ ಪರರ ಮರಿಯನ್ನು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ, ಮೂಸಿ ಒದೆಯುತ್ತದೆ. ಚಿಗವ್ವ ಆ ಕುರಿಯದೇ ಹಾಲು ಹಿಂಡಿ ತಬ್ಬಲಿಯ ಬೆನ್ನಿಗೆ, ಬಾಲಕ್ಕೆ ಸವರಿದಳು. ಕುರಿ ಮೂಸಿ ಸುಮ್ಮನಾಯಿತು. ಮಹಾಬುದ್ಧಿವಂತೆ ನಾನು, ಮರಿ ಗಲೀಜಾಗಿದೆಯೆಂದು ಮರುಕಪಟ್ಟು ಸಬಕಾರ ಹಚ್ಚಿ ತೊಳೆದೆ. ಹಾಲಿನ ವಾಸನೆ ಹೋಗಿದ್ದೇ ತಡ, ಕುರಿ ಅದನ್ನು ಒದ್ದು ಕೆಡವಿತು.

‘ಮರಿ ಸಾಯ್ತದೇನು?’ ಎಂದು ಅಳತೊಡಗಿದೆ.

‘ಸಾಯಾಕ ನಾ ಬಿಡಬೇಕಲ್ಲ? ಅಳೂದು ಬಿಟ್ಟು ಕುರಿ ಹಿಡಿ ಬಾ,’ ಅಂದಳು ಚಿಗವ್ವ.

ಮತ್ತೆ ಹಾಲು ಸವರಿ, ಕುರಿಯ ಕಾಲು ಒತ್ತಿ ಹಿಡಿದು, ಮೂರು ದಿನ ಹೊತ್ತುಹೊತ್ತಿಗೆ ಮರಿಗೆ ಕುಡಿಸಿದಳು. ನಾಲ್ಕನೆಯ ದಿನ ಕುರಿ ತಾನಾಗಿಯೇ ಮರಿಯ ಬಾಲ ನೆಕ್ಕಿತು.

ಚಿಗವ್ವ ಈಗ ನನ್ನ ಜೊತೆಗೇ ಇದ್ದಾಳೆ. ನಾನು ಇದೆಲ್ಲ ಹೇಳುವಾಗ ಬಾಗಿಲ ಬಳಿ ಕೂತು ಎಲೆಅಡಿಕೆ ಕುಟ್ಟುತ್ತಿದ್ದಳು. ನಿಘಂಟು ಮುಚ್ಚುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ತಾಟಿಗೆ ರೊಟ್ಟಿ ಹಾಕಿ ಕರೆದೆ.

‘ಅವ್ವಾ, ಉಣ್ಣಾಕ ಬಾ.’

ಕುಟ್ಟುವ ಸದ್ದು ನಿಂತಿತು. ಮೆಲ್ಲಗೆ ಎದ್ದು ಬಂದು ತಾಟಿನ ಮುಂದೆ ಕೂತು ನನ್ನನ್ನೇ ದಿಟ್ಟಿಸಿದಳು.

‘ಆ ಕುರಿ ನಾಕ ದಿನಕ್ಕ ಒಪ್ಪಿತ್ತು. ನಿನಗ ಅರವತ್ತ ವರ್ಷ ಬೇಕಾತು,’ ಅಂದವಳೇ ರೊಟ್ಟಿ ಮುರಿದು ಮೊದಲ ತುತ್ತನ್ನು ನನ್ನ ಬಾಯಿಗೆ ತುರುಕಿದಳು.