ನಮ್ಮ ಮೇಲಿನ ದಾವೆಯನ್ನು ಓದಿ ಹೇಳಿದವರು

ಟೀಚರ ಕನ್ನಡಕಕ್ಕೆ ಎಡಗಡೆಯ ಕಡ್ಡಿ ಇರಲಿಲ್ಲ. ಅಲ್ಲಿ ಬಿಳಿ ದಾರ ಕಟ್ಟಿಕೊಂಡಿದ್ದರು. ಯಾರು ಕಾಗದ ತಂದರೂ ಮೊದಲು ಆ ದಾರವನ್ನು ಕಿವಿಗೆ ಸುತ್ತಿ, ಆಮೇಲೆ ಕೊನೆಯಲ್ಲಿರುವ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರಿನವರೆಗೂ ಬಿಡದೆ ಓದುತ್ತಿದ್ದರು. ಬೆಳಗಾವಿ ಕಡೆಯವರು, ನಾಸಿಕದ ಮರಾಠಿ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ಉಡುಪಿ ಕಡೆಯಿಂದ ಹೋಗಿ ಅಲ್ಲಿನ ಪಂಚವಟಿಯಲ್ಲಿ ಹೋಟೆಲಿಟ್ಟ ನಮಗೆ, ಗಂಡ ಹೆಂಡತಿ ಇಬ್ಬರಿಗೂ, ಮರಾಠಿ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನಗರಪಾಲಿಕೆಯ ಕಾಗದವಿರಲಿ, ಲೈಟ್ ಬಿಲ್ಲಿರಲಿ, ನಮ್ಮವರು ಎದ್ದು ಹೋಗುತ್ತಿದ್ದುದು ಪಕ್ಕದ ಮನೆಯ ಈ ಟೀಚರ ಹತ್ತಿರವೇ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮದು ಸೌದೆ ಒಲೆ. ಚಿಮಣಿ ಗಿಡ್ಡ, ಹೊಗೆಯೆಲ್ಲ ಟೀಚರ ಕಿಟಕಿಗೆ. ಒಳಗೆ ಅವರ ತಾಯಿ, ದಮ್ಮಿನ ರೋಗಿ. ಚಿಮಣಿ ಎತ್ತರಿಸಿ ಎಂದು ಟೀಚರು ಮೂರು ಸಲ ಕೇಳಿದರು. ನಮ್ಮವರು ಮೂರು ಸಲವೂ "ನೋಡುವ" ಎಂದರು. ನಮ್ಮ ಕಡೆಯ "ನೋಡುವ" ಎಷ್ಟು ಉದ್ದವೆಂದು ನಮ್ಮ ಕಡೆಯವರಿಗೇ ಗೊತ್ತು. ಅಡುಗೆಮನೆ ಒಂದು ವಾರ ಮುಚ್ಚಿದರೆ ಗಿರಾಕಿಗಳು ಎದುರಿನ ಹೋಟೆಲಿಗೆ ಹೋಗಿಬಿಡುತ್ತಾರೆಂದು ಅವರಿಗೆ ಹೆದರಿಕೆ. ಕೊನೆಗೆ ಟೀಚರು ಕಿಟಕಿಗೆ ಮೊಳೆ ಹೊಡೆಸಿದರು. ಆದರೂ ಅಜ್ಜಿಯ ಕೆಮ್ಮು ಗೋಡೆ ದಾಟಿ ನನಗೆ ಕೇಳುತ್ತಿತ್ತು.

ಒಂದು ದಿನ ಕೋರ್ಟಿನ ಅಮೀನ ಬಂದು ಸಹಿ ಹಾಕಿಸಿಕೊಂಡು ಒಂದು ಕಟ್ಟು ಕಾಗದ ಕೊಟ್ಟು ಹೋದ. ನಮ್ಮವರು ಎಂದಿನಂತೆ ಅದನ್ನು ಹಿಡಿದುಕೊಂಡು ಟೀಚರ ಮನೆಗೆ ಹೋದರು, ಹಿಂದೆ ನಾನು. ಟೀಚರು ದಾರ ಸುತ್ತಿ ನೋಡಿದರು.

"ಇದು ನಾನ ಹಾಕಿದ್ದರಿ, ನಿಮ್ಮ ಮ್ಯಾಲೆ," ಎಂದರು. "ಕೂಡ್ರಿ, ಓದ್ತೀನಿ."

ಓದಿಯೇಬಿಟ್ಟರು. ಒಂದು ಸಾಲು ಬಿಡಲಿಲ್ಲ, ಒಂದು ಸಾಲನ್ನೂ ಮೆತ್ತಗೆ ಮಾಡಲಿಲ್ಲ.

"ಹಾಗಾದ್ರೆ ನಂಗೆ ಜೈಲಾ, ಟೀಚರ್?" ನಮ್ಮವರ ದನಿ ಇಳಿದುಹೋಗಿತ್ತು.

"ಜೈಲ್ ಯಾಕ್ರಿ? ನೀವೇನು ಕಳವು ಮಾಡೀರೇನು? ತ್ರಾಸ ಆದವ್ರು ಕೇಳಬೇಕು, ಮಾಡಿದವ್ರು ಸರಿ ಮಾಡಬೇಕು, ಇಷ್ಟ. ತಾರೀಖು ಮಾತ್ರ ತಪ್ಪಿಸಬ್ಯಾಡ್ರಿ. ನೀವು ಬರಲಿಲ್ಲಂದ್ರ ನಾನ ಗೆಲ್ತೀನಿ. ಅದು ಛಲೋ ಅಲ್ಲ."

"ನಾವು ನಿಮ್ಗಿಂತ ಮೊದ್ಲೇ ಇಲ್ಲಿದ್ದವರಲ್ವಾ?" ಎಂದು ನಾನು ನಡುವೆ ಬಾಯಿ ಹಾಕಿದೆ.

"ಅದನ್ನ ವಕೀಲರಿಗೆ ಹೇಳ್ರಿ, ಬರೀತಾರ. ಆದ್ರ ಮೊದಲಿಂದ ಇದ್ದ ಹೊಗಿ ಅಂತ ಅದು ಅವ್ವನ ಎದಿ ಬಿಡತದೇನ್ರಿ?"

ಸಿಟ್ಟಿನಿಂದ ನಾಲ್ಕು ದಿನ ಮಾತು ಬಿಟ್ಟೆ. ಐದನೆಯ ದಿನ ಅವರೇ ಬಂದರು, ಕೈಯಲ್ಲಿ ಸ್ಲೇಟು. "ನಿಮ್ಮ ಮ್ಯಾಲಿನ ಕಾಗದ ನೀವ ಓದಬೇಕ್ರಿ. ನಾನು ಓದಿದ್ದು ಖರೆ ಅಂತ ಹ್ಯಾಂಗ ನಂಬ್ತೀರಿ?"

ಹೀಗೆ ನಾನು ಮರಾಠಿ ಅಕ್ಷರ ಕಲಿತದ್ದು ನಮ್ಮ ಮೇಲೆಯೇ ಹಾಕಿದ ದಾವೆಯಿಂದ. ಕೂಡಿಸಿ ಓದಿದ ಮೊದಲ ದೊಡ್ಡ ಶಬ್ದ "ಉಪದ್ರವ". ಎರಡನೆಯ ಪುಟದಲ್ಲಿ, ಅಜ್ಜಿ ಮಲಗಲಾರದೆ ಗೋಡೆಗೆ ಒರಗಿ ಕೂತೇ ಉಸಿರಾಡುತ್ತಾರೆ ಎಂದಿತ್ತು. ಆ ಸಾಲನ್ನು ನಾನೇ ಓದಿದ ದಿನ ಮನೆಗೆ ಬಂದು ನಮ್ಮವರಿಗೆ, "ಇನ್ನು ನೋಡುವುದು ಬೇಡ, ಚಿಮಣಿ ಎತ್ತರಿಸುವ," ಎಂದೆ. ಹೇಳುವಾಗ ಅಳು ಬಂದಿತ್ತು.

ಮುಂದಿನ ತಾರೀಖಿಗೆ ನಮ್ಮವರು ನ್ಯಾಯಾಧೀಶರ ಮುಂದೆ ಒಪ್ಪಿಕೊಂಡರು. ಎಂಟು ದಿನ ಹೋಟೆಲು ಮುಚ್ಚಿತು. ಚಿಮಣಿ ಟೀಚರ ಮಾಳಿಗೆಗಿಂತ ಮೇಲೆ ಹೋಯಿತು. ಒಂಬತ್ತನೆಯ ಬೆಳಿಗ್ಗೆ ಮೊಳೆ ಕಿತ್ತ ಕಿಟಕಿಯಿಂದ ಅವರ ದನಿ: "ಅವ್ವಗ ಎರಡು ಇಡ್ಲಿ ಕಳಸ್ರಿ!" ಗಿರಾಕಿಗಳೂ ಎಲ್ಲಿಗೂ ಹೋಗಿರಲಿಲ್ಲ.

ಆಮೇಲೆ ದೊಡ್ಡ ದೊಡ್ಡ ವಕೀಲರನ್ನು ನೋಡಿದ್ದೇನೆ. ತನ್ನ ದಾವೆಯನ್ನು ಎದುರಾಳಿಗೆ ತಾನೇ ಕೂರಿಸಿಕೊಂಡು ಓದಿ ಹೇಳುವ ಎದೆಗಾರಿಕೆ ಇನ್ನೊಬ್ಬರಲ್ಲಿ ಕಾಣಲಿಲ್ಲ.

ತಾಯಿ ತೀರಿಕೊಂಡು ಕೆಲವು ವರ್ಷಕ್ಕೆ ಟೀಚರೂ ಹೋದರು. ಹದಿನೈದು ದಿನ ಕಳೆದಿರಬಹುದು, ನಗರಪಾಲಿಕೆಯಿಂದ ಏನೋ ನೋಟೀಸು ಬಂತು. ನಾನು ಓದಬಲ್ಲೆನೆಂದು ಗೊತ್ತಿದ್ದೂ ನಮ್ಮವರು ಅದನ್ನು ಹಿಡಿದು ಎದ್ದು ನಡೆದರು. ನಾನು ಕರೆಯುವಷ್ಟರಲ್ಲಿ ಟೀಚರ ಮನೆಯ ಮೆಟ್ಟಿಲು ಹತ್ತಿಯಾಗಿತ್ತು. ಬಾಗಿಲಿಗೆ ಬೀಗ. ತಿರುಗಿ ಬಂದು ಕಾಗದವನ್ನು ನನ್ನ ಕೈಗಿಟ್ಟರು.

"ಓದು ಮಾರಾಯ್ತಿ. ಅವ್ರ ಹಾಗೆ ಓದು. ನಮ್ಗೆ ಆಗದ್ದು ಇದ್ರೂ ಬಿಡ್ಬೇಡ."

ಪ್ರೆಸ್ಸಿನ ಹೆಸರಿನವರೆಗೂ ಓದಿದೆ.