ಕೆರೆ ಕಡೆಯ ಫೋಟೊ

ಅಕ್ಕನನ್ನು ಹೊರಮಾವಿಗೆ ಕೊಟ್ಟ ಮೊದಲ ವರ್ಷದ ಸಂಕ್ರಾಂತಿಗೆ ತವರಿನ ಸೀರೆ, ಎಳ್ಳು-ಬೆಲ್ಲ ಹಿಡಿದು ಹೋದವನು ನಾನು. ತೊಂಬತ್ತರ ದಶಕದ ಆರಂಭ. ಹೊರಮಾವು ಆಗಿನ್ನೂ ಹಳ್ಳಿ. ನನಗೆ ಇಪ್ಪತ್ತು ವರ್ಷ. ಹಲಸೂರಿನ ವಠಾರದಲ್ಲಿ ಬೆಳೆದು, ಶಿವಾಜಿನಗರದ ಸ್ಟುಡಿಯೊ ಒಂದರಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಮೂರು ದಿನ ರಜೆ ಹಾಕಿ, ಮಾಲೀಕರನ್ನು ಕಾಡಿಬೇಡಿ ಒಂದು ಕ್ಯಾಮೆರಾವನ್ನೂ ತಂದಿದ್ದೆ. ಅದು ಕುತ್ತಿಗೆಗೆ ಬಿದ್ದ ಮೇಲೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹಬ್ಬದ ದಿನ ಇನ್ನೂ ಬೆಳಕು ಹರಿದಿರಲಿಲ್ಲ. ನಡುಮನೆಯಲ್ಲಿ ಮಲಗಿದ್ದ ನನ್ನ ಪಕ್ಕ ಹಾದುಹೋಗುತ್ತಾ ಅಕ್ಕನ ಅತ್ತೆ, "ನಾವು ಕೆರೆ ಕಡೆ ಹೋಗ್ಬರ್ತೀವಿ, ನೀನ್ ಮಲ್ಕೊಳಪ್ಪ," ಎಂದರು. ಹಿಂದೆ ಅಕ್ಕನೂ ಹೋದಳು.

ಆ ಮಾತಿನ ಅರ್ಥ ಹಳ್ಳಿಯ ಯಾವ ಮಗುವಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ. ನಮ್ಮ ವಠಾರದಲ್ಲಿ ಅರ್ಧ ತಮಿಳು, ಅರ್ಧ ದಖನಿ ಉರ್ದು. ಇದ್ದ ಒಂದೇ ಕಕ್ಕಸಿಗೆ 'ಲೆಟ್ರಿನ್' ಎಂದೇ ಕೂಗಿ ಹೇಳಿ, ಬಕೆಟ್ ಹಿಡಿದು ಸಾಲು ನಿಲ್ಲುತ್ತಿದ್ದೆವು. ಕೆರೆಯೆಂದರೆ ನನ್ನ ಪಾಲಿಗೆ ದೋಣಿ ಬಿಡುವ ಹಲಸೂರು ಕೆರೆ. ಹಬ್ಬದ ಮುಂಜಾನೆ, ಮೇಲೆ ಮಂಜು, ಕೆರೆ ಬೇರೆ! ಹೊದಿಕೆ ಒದ್ದು ಎದ್ದೆ.

ದಾರಿ ತಪ್ಪಿ, ಯಾರದೋ ದ್ರಾಕ್ಷಿ ತೋಟ ಸುತ್ತಿ ಕೆರೆ ಏರಿ ಹತ್ತುವಷ್ಟರಲ್ಲಿ ಬೂದಿಬಣ್ಣದ ಬೆಳಕು ಬಂದಿತ್ತು. ನೀರು ಯಾವುದು, ಮಂಜು ಯಾವುದು ಎಂದು ಹೇಳುವ ಹಾಗಿರಲಿಲ್ಲ. ನನ್ನ ಹೆಜ್ಜೆ ಸದ್ದಿಗೆ ಜೊಂಡಿನ ನಡುವಿನಿಂದ ಐದು ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಸೆರಗು ಮುಖದ ಮೇಲೆ, ಕೈಯಲ್ಲಿ ಒಂದೊಂದು ಚೆಂಬು. ಹಬ್ಬದ ಪೂಜೆಗೆ ನೀರು ಹಿಡಿಯಲು ಬಂದಿದ್ದಾರೆ ಎಂದುಕೊಂಡೆ. ಗಂಡಸಿನ ಸುಳಿವು ಸಿಕ್ಕರೆ ಅವರು ಎದ್ದು ನಿಲ್ಲುತ್ತಾರೆಂದು ನನಗೆ ಯಾರು ಹೇಳಬೇಕು? ಫೋಟೊಗೆ ನಿಂತರು ಎಂದೇ ನಂಬಿ ಒತ್ತಿದೆ. ಅಷ್ಟು ಸಾಲದೆಂದು ಕೂಗಿದೆ: "ಹಾಗೇ ನಿಂತ್ಕೊಳ್ಳಿ, ಇನ್ನೊಂದು!"

"ಅಯ್ಯೋ, ನಮ್ ಹುಡುಗ!" ಎಂದು ಅತ್ತೆಯ ದನಿ ಕೇಳಿತು. ಅವರ ಪಕ್ಕ, ನೆಲ ನೋಡುತ್ತಾ ನಿಂತಿದ್ದವಳು ಅಕ್ಕ. ಆಗ ಅರ್ಥವಾಯಿತು. ಏರಿಯಿಂದ ಇಳಿದು ಓಡಿದೆ.

ಒಬ್ಬ ಹೆಂಗಸೂ ನನ್ನನ್ನು ಬೈಯಲಿಲ್ಲ. ಬೈಸಿಕೊಂಡವಳು ಅಕ್ಕ. ಎಳ್ಳು ಬೀರುವ ಹೊತ್ತಿಗೆ ಉಳಿದ ಮೂವರೂ ಬಾಗಿಲಿಗೆ ಬಂದು ರೀಲು ಕೇಳಿದರು. "ನಿಮ್ಮ ಸೊಸೆ ತವರಿನವ್ರು ಇಂಥವ್ರಾ?" ಎಂದು ಒಬ್ಬರು ಅತ್ತೆಯನ್ನು ಕೇಳಿದ್ದು ಹಿತ್ತಲಲ್ಲಿದ್ದ ನನಗೂ ಕೇಳಿಸಿತು. ಮದುವೆಯಾಗಿ ಎಂಟು ತಿಂಗಳಾಗಿದ್ದ ಅಕ್ಕ ಆ ಊರಲ್ಲಿ ತಲೆಯೆತ್ತಿ ಓಡಾಡುವುದು ಆ ರೀಲಿನ ಮೇಲೆ ನಿಂತಿತ್ತು. ಅವಳು ಹಿತ್ತಲಿಗೆ ಬಂದಳು.

"ರೀಲ್ ಏನ್ ಮಾಡ್ದೆ?"

"ಬೆಳಕಿಗೆ ಎಳ್ದಾಕ್ಬಿಟ್ಟೆ ಅಕ್ಕ. ಹಾಳಾಯ್ತು."

ಎಳೆದದ್ದು ಚೀಲದಲ್ಲಿದ್ದ ಹೊಸ ರೀಲನ್ನು. ಸುರುಳಿ ಬಿಚ್ಚಿದ ಅದನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಿಡಿದು ಬಾಗಿಲಿಗೆ ಹೋದಳು, ಏನೋ ಹೇಳಿದಳು, ಸ್ವಲ್ಪ ಹೊತ್ತಿಗೆ ಹೆಂಗಸರು ಹೊರಟುಹೋದರು. ನಿಜವಾದ ರೀಲು ನನ್ನ ಜೇಬಿನಲ್ಲಿತ್ತು. ಯಾಕೆ ಹಾಗೆ ಮಾಡಿದೆ ಎಂದರೆ, ಫೋಟೊ ಚೆನ್ನಾಗಿ ಬಂದಿರುತ್ತದೆಂದು ಬೆರಳಿಗೆ ಗೊತ್ತಾಗಿತ್ತು. ಅಷ್ಟೇ ಕಾರಣ, ಅಷ್ಟು ನೀಚ ಕಾರಣ.

ಚೆನ್ನಾಗಿಯೇ ಬಂದಿತ್ತು. ಅಂಥದ್ದನ್ನು ನಾನು ಮತ್ತೆ ತೆಗೆಯಲಿಲ್ಲ. ಮುಖ ಕಾಣುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ವರ್ಷಗಟ್ಟಲೆ ನನಗೆ ನಾನೇ ವಕೀಲನಾದೆ. ಎರಡು ಸಾವಿರದ ಈಚೆಗೆ ಸಿ.ವಿ. ರಾಮನ್ ನಗರದಲ್ಲಿ ಮನೆ ಕಟ್ಟಿದಾಗ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆ. ಅಕ್ಕ ಬರುತ್ತಾಳೆಂದು ಗೊತ್ತಿದ್ದೂ ತೆಗೆಯಲಿಲ್ಲ. ಇಷ್ಟು ವರ್ಷಕ್ಕೆ ಅವಳು ಮರೆತಿರುತ್ತಾಳೆ ಎಂದುಕೊಂಡಿದ್ದೆ.

ಗೃಹಪ್ರವೇಶದ ದಿನ ಗೆಳೆಯನೊಬ್ಬ ಅದರ ಮುಂದೆ ನಿಂತ. "ಏನ್ ಗುರು ಇದು, ಊಟಿನಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕ ಹೇಳಿದಳು: "ಹೂಂ, ಊಟಿ. ರಜಕ್ಕೆ ಹೋಗಿದ್ದ."

ಊಟ ಮುಗಿಸಿ ಹೊರಡುವಾಗ ಅವಳು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದಳು. ಬೈದರೆ ಬೈಸಿಕೊಳ್ಳುವುದೆಂದು ನಿಂತೆ. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

"ಅವತ್ತು ಅವ್ರು ನಂಬ್ಲೇ ಇಲ್ಲ ಕಣೋ. ನನ್ ತಮ್ಮನಾಣೆ, ರೀಲ್ ಹಾಳಾಗಿದೆ ಅಂದ್ಬಿಟ್ಟೆ." ಅವಳ ಕೈ ನನ್ನ ತಲೆಯ ಮೇಲೆ ಬಂತು. "ಸುಳ್ಳಾಣೆ ಆಗೋಯ್ತಲ್ಲೋ. ನಿಂಗೇನೂ ಆಗಿಲ್ಲ ತಾನೆ?"

ಏನೂ ಆಗಿರಲಿಲ್ಲ. ನಾನು ಚೆನ್ನಾಗಿಯೇ ಇದ್ದೆ.